ತೆರೆಯ ಮೇಲಣ ಬೆಂಕಿ

ಅಗ್ನಿಶಾಮಕ ದಳದವರ ಸಾಹಸಗಳನ್ನು ತೋರಿಸುವ ಟೆಲಿವಿಷನ್ ನಾಟಕಗಳನ್ನು ವಾಚಕರು ನೋಡಿರಬಹುದು. 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಚಿಕಾಗೊ ಫೈರ್’ ಈ ಬಗೆಯದು. ಇಂಥ ನಾಟಕಗಳಲ್ಲಿ ಕೋಣೆಯ ತುಂಬ ಹೊಂಬಣ್ಣದ ಜ್ವಾಲೆ. ನಡುವೆ ನಾಯಕನ ಮುಖ ನಿಚ್ಚಳವಾಗಿ ಕಾಣುತ್ತದೆ. ನಿಜವಾಗಿ ಬೆಂಕಿ ಬಿದ್ದ ಕೋಣೆಯಲ್ಲಾದರೋ ಕೆಲವೇ ನಿಮಿಷಗಳಲ್ಲಿ ಕತ್ತಲೆ ಕವಿಯುತ್ತದೆ. ಚಾಚಿದ ಕೈ ಕಾಣದು.

ಚಿತ್ರೀಕರಣದಲ್ಲಿ ಸಾಮಾನ್ಯವಾಗಿ ತೂತು ಕೊರೆದ ಕೊಳವೆಗಳ ಮೂಲಕ ಪ್ರೊಪೇನ್ ಅನಿಲವನ್ನು ಹಾಯಿಸಿ ಉರಿಸುತ್ತಾರೆ. ಸಾಕಷ್ಟು ಗಾಳಿ ದೊರೆತಾಗ ಅದು ಬಹುಮಟ್ಟಿಗೆ ಪೂರ್ಣವಾಗಿ ಉರಿಯುವುದರಿಂದ ಹೊಗೆ ಕಡಿಮೆ. ಒಂದೇ ಘಟನೆಯ ತುಣುಕುಗಳನ್ನು ಬೇರೆ ಬೇರೆ ವೇಳೆಯಲ್ಲಿ ತೆಗೆದು ಜೋಡಿಸುವುದರಿಂದ ಎಡಗೆನ್ನೆಯ ಮಸಿ ಬಲಗೆನ್ನೆಗೆ ಬಂದೀತು. ಹಬ್ಬಿದ್ದ ಜ್ವಾಲೆ ಮರುಕ್ಷಣವೇ ಕುಗ್ಗೀತು. ಮಸಿಯ ಪ್ರಮಾದವನ್ನು ಕಂಡು ನಗಬಹುದು. ಬೆಂಕಿಗೆ ಹೊಗೆಯೇ ಇಲ್ಲವೆಂದು ತೋರಿಸುವ ಪ್ರಮಾದ ಅಷ್ಟು ಹಗುರವಾದುದಲ್ಲ.

ಮನೆ, ಕಚೇರಿಗಳಲ್ಲಿರುವ ಫೋಮು, ಪ್ಲಾಸ್ಟಿಕ್ಕು, ತಂತಿಗಳ ಹೊದಿಕೆ ಅರೆಬರೆಯಾಗಿ ಉರಿದು ಕಪ್ಪು ಹೊಗೆಯನ್ನು ಕಾರುತ್ತವೆ. ಪೀಣ್ಯದಂಥ ಕಡೆಯ ಕಾರ್ಖಾನೆಗಳಲ್ಲಿ ಬಣ್ಣ, ದ್ರಾವಕಗಳೂ ಇವುಗಳೊಡನೆ ಸೇರುತ್ತವೆ. ಹೊಗೆಯ ಜೊತೆಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ನು ಈ ಅನಿಲವನ್ನು ಆಕ್ಸಿಜನ್ನಿಗಿಂತ 200 ಮಡಿಗೂ ಮಿಗಿಲಾದ ಆಸಕ್ತಿಯಿಂದ ಹಿಡಿದುಕೊಳ್ಳುತ್ತದೆ. ಬಿಸಿಯಾದ ಹೊಗೆ ಮೊದಲು ಚಾವಣಿಗೇರಿ, ಅಲ್ಲಿಂದ ಕೆಳಕ್ಕೆ ತುಂಬುತ್ತ ಬರುತ್ತದೆ. ನೆಲದ ಬಳಿಯಲ್ಲಿ ಮಾತ್ರ ಕೆಲಕಾಲ ಉಸಿರಾಡುವಷ್ಟು ಗಾಳಿ ಉಳಿದಿರುತ್ತದೆ. ತೆವಳಿಕೊಂಡು ಹೊರಬರಬೇಕೆನ್ನುವುದು ಇದಕ್ಕಾಗಿಯೇ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ನಡೆದುದನ್ನು ನೆನೆಯಿರಿ. ವಿದ್ಯುತ್ ತಂತಿಗಳು ಹಾಯುವ ನಾಳದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಣ ಮಹಡಿಗಳನ್ನು ತುಂಬಿತು. ಗಾಳಿಗಾಗಿ ಜನರು ಕಿಟಕಿಯ ಗಾಜುಗಳನ್ನು ಒಡೆದರು, ಕೆಲವರು ಧುಮುಕಿದರು. ಉಸಿರುಕಟ್ಟಿ ಕೆಲವರು, ಕೆಳಗೆ ಬಿದ್ದು ಕೆಲವರು, ಒಟ್ಟು 9 ಮಂದಿ ಸತ್ತರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಎಷ್ಟೋ ಗಾಜಿನ ಕಟ್ಟಡಗಳ ಕಿಟಕಿಗಳು ತೆರೆಯುವಂಥವೇ ಅಲ್ಲ. ಅಂಥಲ್ಲಿ ಮೆಟ್ಟಿಲ ಬಳಿಯ ಅಗ್ನಿನಿರೋಧಕ ಬಾಗಿಲು ಸದಾ ಮುಚ್ಚಿರಬೇಕೆಂದು ವಿಧಿಸುವುದು ಹೊಗೆಯನ್ನು ಆಚೆಗೇ ತಡೆಯಲಿಕ್ಕೆ. ಓಡಾಟಕ್ಕೆ ಅನುಕೂಲವೆಂದು ಅದಕ್ಕೆ ಮರದ ತುಂಡನ್ನು ಸಿಕ್ಕಿಸಿಡುವವರು ಪಾರಾಗುವ ದಾರಿಯನ್ನೇ ಹೊಗೆಗೊಪ್ಪಿಸುತ್ತಾರೆ.

ಇನ್ನು ನಾಯಕನ ಓಟ. ನೀರು ತುಂಬಿದ ಕೊಳವೆಯನ್ನೆಳೆದುಕೊಂಡು ಅವನು ಸಲೀಸಾಗಿ ಮೆಟ್ಟಿಲೇರುತ್ತಾನೆ! 63 ಮಿಲಿಮೀಟರು ವ್ಯಾಸದ ಕೊಳವೆಯ 15 ಮೀಟರು ಉದ್ದದಲ್ಲಿ ಸುಮಾರು 47 ಲೀಟರು ನೀರು ಹಿಡಿಯುತ್ತದೆ. ನೀರಿನ ತೂಕವೇ 47 ಕಿಲೋಗ್ರಾಂ.

ಅವನು ಮುಖವಾಡವನ್ನು ಕಳಚಿ ಮಾತನಾಡುವುದೂ ಉಂಟು. ಬೆನ್ನ ಮೇಲಿನ 6.8 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಅಡಗಿರುವ ಗಾಳಿ ಹೆಚ್ಚುಕಡಿಮೆ 2000 ಲೀಟರು. ಕಠಿನ ಶ್ರಮದಲ್ಲಿ ನಿಮಿಷಕ್ಕೆ 60 ಲೀಟರು ಸೆಳೆದರೆ ಅದು 33 ನಿಮಿಷಗಳಲ್ಲಿ ಬರಿದಾಗುತ್ತದೆ. ಅದಕ್ಕೂ ಮೊದಲೇ, ಒತ್ತಡ ಗೊತ್ತಾದ ಮಟ್ಟಕ್ಕೆ ಇಳಿದೊಡನೆ, ಉಪಕರಣದ ಸೀಟಿ ಕೂಗತೊಡಗುತ್ತದೆ. ಆಗ ಕೆಲಸ ಮುಗಿದಿರಲಿ, ಬಿಡಲಿ, ಹೊರಗೆ ಬರಲೇಬೇಕು.