ಗೂಡಿಗೆ ಕೈ ಹಾಕುವ ಮುನ್ನ ಹಸುವಿನ ಹಗ್ಗ ಬಿಚ್ಚಿ



ಬೆಳಗಿನ ಐದೂವರೆ. ಇನ್ನೂ ಮಬ್ಬುಗತ್ತಲು. ಸಂಘಕ್ಕೆ ಹಾಲು ಹಾಕುವ ಹೊತ್ತಾಯಿತೆಂದು ನೀವು ಬಕೆಟ್ ಹಿಡಿದು ಕೊಟ್ಟಿಗೆಗೆ ಹೋಗುತ್ತೀರಿ. ತಗಡಿನ ಕೆಳಗೆ, ಹಸುವಿನ ತಲೆಯಿಂದ ಮೂರು ಅಡಿ ಮೇಲೆ ಕಣಜದ ಗೂಡೊಂದು ಕಾಣುತ್ತದೆ. ಮನೆಯವರಿಗೆ ಹೇಳಿದರೆ ಸಿಗುವ ಉತ್ತರ ಎರಡೇ. ಒಂದು, "ಬೆಂಕಿ ಹಿಡಿದರಾಯ್ತು." ಇನ್ನೊಂದು, "ಹೊಲಕ್ಕೆ ಹೊಡೆಯೋ ಎಣ್ಣೆ ಉಳಿದೈತಲ್ಲ, ಅದನ್ನೇ ಹೊಡಿ."

ಈ ಎರಡೂ ತಪ್ಪು. ಕೂಡ್ಲಿಗಿ, ಕೊಟ್ಟೂರು ಕಡೆ ಶೇಂಗಾ ಹೊಟ್ಟು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಮೆಕ್ಕೆಜೋಳ ಮತ್ತು ಜೋಳದ ಸಪ್ಪೆ ಕೊಟ್ಟಿಗೆಯ ಪಕ್ಕದಲ್ಲೇ ಬಣವೆಯಾಗಿ ನಿಂತಿರುತ್ತದೆ. ಒಂದು ಕಿಡಿ ಹಾರಿದರೆ ಗೂಡಿನ ಜೊತೆ ವರ್ಷದ ಮೇವೂ ಹೋಗುತ್ತದೆ, ಕಟ್ಟಿದ ದನವೂ ಹೋಗುತ್ತದೆ. ಕ್ರಿಮಿನಾಶಕ ಹೊಡೆದರೆ ಅದು ಗೋದಲಿಗೆ, ನೀರಿನ ತೊಟ್ಟಿಗೆ, ಹಸುವಿನ ಮೈಗೆ ಬೀಳುತ್ತದೆ. ಹಸು ಮೈ ನೆಕ್ಕುತ್ತದೆ, ಆ ಮೇವು ತಿನ್ನುತ್ತದೆ. ಕೊನೆಗೆ ಅದರ ಅಂಶ ಬರುವುದು ಹಾಲಿಗೆ. ಆ ಹಾಲನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ.

ಇವೆರಡಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹುಳು ಎದ್ದರೆ ನೀವು ಓಡುತ್ತೀರಿ, ಮಕ್ಕಳು ಓಡುತ್ತಾರೆ. ಗೂಟಕ್ಕೆ ಕಟ್ಟಿದ ಹಸು ಓಡಲಾರದು. ನಿಂತಲ್ಲೇ ಮುಸುಡಿ, ಕಣ್ಣು, ಕೆಚ್ಚಲಿಗೆ ಕುಟುಕಿಸಿಕೊಳ್ಳುತ್ತದೆ. ಆದ್ದರಿಂದ ಯಾವ ಗೂಡಿಗೇ ಆಗಲಿ, ಕೈ ಹಾಕುವ ಮೊದಲು ಹಸುವನ್ನು ಬಿಚ್ಚಿ ದೂರ ಕಟ್ಟಬೇಕು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲು ಗೂಡು ಯಾರದು ನೋಡಿ

ಎಲ್ಲ ಗೂಡನ್ನೂ ಕೀಳಬೇಕಿಲ್ಲ. ಕೆಲವನ್ನು ನಾವು ಮುಟ್ಟಲೇಬಾರದು. ಹತ್ತು ಹೆಜ್ಜೆ ದೂರ ನಿಂತು ನೋಡಿ.

ಮಣ್ಣಿನ ಗೂಡು: ಗೋಡೆಗೆ, ಕಿಟಕಿಯ ಮೂಲೆಗೆ ಬೆರಳಿನಂತೆ ಮಣ್ಣು ಮೆತ್ತಿರುತ್ತದೆ. ಇದನ್ನು ಕಟ್ಟುವ ಕಣಜ ಒಂಟಿ ಹುಳು. ಗುಂಪಾಗಿ ಬರುವುದಿಲ್ಲ, ಹಿಡಿದು ಒತ್ತಿದರೆ ಹೊರತು ಕುಟುಕುವುದು ಅಪರೂಪ. ಒಳಗೆ ಮರಿಗೆಂದು ಜೇಡ ತುಂಬಿಟ್ಟಿರುತ್ತದೆ. ಬೇಡವಾದರೆ ಕುರ್ಪಿಯಿಂದ ಕೆರೆದು ಹಾಕಿ. ಆದರೆ ನೀರಿನ ಪೈಪು, ಹಾಲು ಕರೆಯುವ ಯಂತ್ರದ ಕೊಳವೆಯ ಬಾಯಿಗೆ ಮಣ್ಣು ತುಂಬಿದೆಯೇ ಎಂದು ಆಗಾಗ ನೋಡಿ.

ನಸರಿ ಜೇನು (ಮುಜಂಟಿ): ಗೋಡೆಯ ಸಂದಿಯಿಂದ ಮೇಣದ ಸಣ್ಣ ಕೊಳವೆ ಹೊರಬಂದಿರುತ್ತದೆ. ಸೊಳ್ಳೆಗಿಂತ ಸ್ವಲ್ಪ ದಪ್ಪನೆಯ ಕರಿ ಹುಳು. ಇದಕ್ಕೆ ಕುಟುಕಲು ಬರುವುದೇ ಇಲ್ಲ. ಹಾಗೇ ಬಿಡಿ.

ಕೋಲುಜೇನು: ಲಿಂಬೆ ಗಿಡ, ಬೇಲಿಯ ಕಡ್ಡಿಗೆ ಅಂಗೈ ಅಗಲದ ಒಂದೇ ಎರಿ. ಸಾಧು ಹುಳು. ದನ ಮೈ ತಿಕ್ಕುವ ಜಾಗದಲ್ಲಿ ಇಲ್ಲವಾದರೆ ಬಿಡಿ.

ತುಡುವೆ ಜೇನು: ಮರದ ಪೊಟರೆ, ಗೋಡೆಯ ಟೊಳ್ಳು, ಹಳೆ ಮಡಕೆಯೊಳಗೆ ಸಾಲಾಗಿ ಎರಿ ಕಟ್ಟುತ್ತದೆ. ಇದು ಪೆಟ್ಟಿಗೆಯಲ್ಲಿ ಸಾಕುವ ಜೇನು. ಕೊಲ್ಲಬೇಡಿ. ಜೇನು ಸಾಕುವವರನ್ನು ಕರೆಸಿ, ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಪೆಟ್ಟಿಗೆಗೆ ಇಳಿಸಿಕೊಂಡು ಹೋಗುತ್ತಾರೆ.

ಹೆಜ್ಜೇನು: ಎತ್ತರದ ಮರ, ಬಂಡೆಯ ಚಾಚು, ನೀರಿನ ಟ್ಯಾಂಕಿನ ಕೆಳಗೆ ಮೊರದಗಲದ ಒಂದೇ ಎರಿ ಜೋತಾಡುತ್ತದೆ. ಇದು ಜೀವ ತೆಗೆಯುವ ಹುಳು. ಮನೆಯವರು ಯಾರೂ, ಯಾವ ಹೊತ್ತಿನಲ್ಲೂ ಮುಟ್ಟಬಾರದು. ಕಲ್ಲು, ಹೊಗೆ, ಪಟಾಕಿ ಯಾವುದೂ ಬೇಡ. ರಾತ್ರಿಯಾದರೆ ಸುಮ್ಮನಿರುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಬೆಳದಿಂಗಳಲ್ಲಿ ಹೆಜ್ಜೇನು ಹಾರಾಡುತ್ತದೆ. ಇದು ವಲಸೆ ಹುಳು, ಹೂವಿನ ಕಾಲ ಮುಗಿದರೆ ಸಾಮಾನ್ಯವಾಗಿ ತಾನೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಆ ಮರದ ಕೆಳಗೆ ದನ ಕಟ್ಟಬೇಡಿ. ಶಾಲೆ, ದಾರಿ, ಮನೆಗೆ ತೀರಾ ಹತ್ತಿರವಿದ್ದರೆ ಗ್ರಾಮ ಪಂಚಾಯಿತಿಗೆ ಹೇಳಿ, ಅನುಭವವಿರುವ ಜೇನು ಬಿಡಿಸುವವರನ್ನೇ ಕರೆಸಿ.

ಕಣಜ (ಕಡಜ): ತಗಡಿನ ಕೆಳಗೆ, ಜಂತೆಗೆ, ಸಣ್ಣ ಕಾಂಡದಿಂದ ಜೋತುಬಿದ್ದ ಬೂದು ಬಣ್ಣದ ಗೂಡು. ಕೆಳಗಿನಿಂದ ನೋಡಿದರೆ ಕೋಣೆಗಳು ಕಾಣುತ್ತವೆ. ಕೊಟ್ಟಿಗೆಯಲ್ಲಿ ನಮಗೆ ತೊಂದರೆ ಕೊಡುವುದು ಹೆಚ್ಚಾಗಿ ಇದೇ. ಮಡಕೆಯಂತೆ ಪೂರ್ತಿ ಮುಚ್ಚಿದ ಗೂಡಾದರೆ ಅದು ದೊಡ್ಡ ಕಣಜದ್ದು. ಅದನ್ನು ಹೆಜ್ಜೇನಿನಂತೆಯೇ ತಿಳಿದು ದೂರವಿರಿ.

ಕಣಜದ ಸ್ವಭಾವ ತಿಳಿದರೆ ಕೆಲಸ ಸುಲಭ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಕ್ಷಿಣ ಭಾರತದ ಇಂಥ ಒಂದು ಕಣಜವನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಆ ಅಭ್ಯಾಸದಿಂದ ನಮಗೆ ಬೇಕಾದ ಮೂರು ಮಾತು ಸಿಗುತ್ತವೆ.

ಒಂದು, ಚಳಿದೇಶಗಳಲ್ಲಿ ಚಳಿಗಾಲಕ್ಕೆ ಕಣಜದ ಗೂಡು ಖಾಲಿಯಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಹೊಸ ಗೂಡು ಶುರುವಾಗಬಹುದು, ಹಳೆಯದು ಮುಂದುವರಿಯಬಹುದು. "ತಾನೇ ಹೋಗುತ್ತೆ ಬಿಡು" ಎಂದು ಕಾಯುವಂತಿಲ್ಲ.

ಎರಡು, ಗೂಡು ಒಂದು ಅಥವಾ ಕೆಲವೇ ಹೆಣ್ಣು ಹುಳುಗಳಿಂದ ಆರಂಭವಾಗುತ್ತದೆ. ಆಗ ಅದು ನಾಣ್ಯದಷ್ಟೇ ಇರುತ್ತದೆ. ತೆಗೆಯಲು ಅದೇ ಸರಿಯಾದ ಹೊತ್ತು.

ಮೂರು, ರಾಣಿ ಹುಳು ಸತ್ತರೆ ಗೂಡು ಅಳಿಯುವುದಿಲ್ಲ, ಇನ್ನೊಂದು ಹೆಣ್ಣು ಅದರ ಜಾಗಕ್ಕೆ ಬರುತ್ತದೆ. ಹಾಗಾಗಿ ನಾಲ್ಕು ಹುಳು ಹೊಡೆದು ಸುಮ್ಮನಾದರೆ ಕೆಲಸ ಮುಗಿಯದು. ಗೂಡನ್ನೇ ತೆಗೆಯಬೇಕು.

ಸಣ್ಣ ಗೂಡು ತೆಗೆಯುವ ಕ್ರಮ

ಗೂಡು ಟೀ ಕಪ್ಪಿನ ಸಾಸರ್‌ಗಿಂತ ಚಿಕ್ಕದಾಗಿ, ಹುಳು ಹತ್ತು-ಹನ್ನೆರಡರೊಳಗೆ ಇದ್ದು, ನೆಲದ ಮೇಲೆ ನಿಂತೇ ಎಟಕುವಂತಿದ್ದರೆ ಮಾತ್ರ ನೀವು ಮಾಡಬಹುದು. ಏಣಿ ಹತ್ತಬೇಕಾದರೆ ಬೇಡ. ಹುಳು ಮೈಮೇಲೆ ಬಂದಾಗ ಏಣಿಯಿಂದ ಬೀಳುವುದು ಕುಟುಕಿಗಿಂತ ಕೆಟ್ಟದ್ದು. ಹಿಂದೆ ಎಂದಾದರೂ ಕುಟುಕಿದಾಗ ಮೈಯೆಲ್ಲ ದದ್ದು ಎದ್ದವರು, ಉಸಿರು ಕಟ್ಟಿದವರು ಈ ಕೆಲಸಕ್ಕೆ ಹೋಗಲೇಬಾರದು.

1. ಸಂಜೆ ಹಾಲು ಕರೆದು ಮುಗಿಸಿ. ಹಸು, ಕರು, ಆಡು ಎಲ್ಲವನ್ನೂ ಬಿಚ್ಚಿ ದೂರ ಕಟ್ಟಿ. ಹಾಲಿನ ಕ್ಯಾನು, ಮೇವು, ಹಿಂಡಿಚೀಲ ಹೊರಗಿಡಿ. ನೀರಿನ ತೊಟ್ಟಿ ಮುಚ್ಚಿ.

2. ಪೂರ್ತಿ ಕತ್ತಲಾದ ಮೇಲೆ ಹೋಗಿ. ಆಗ ಹುಳುಗಳೆಲ್ಲ ಗೂಡಿನ ಮೇಲೇ ಇರುತ್ತವೆ, ಚುರುಕು ಕಡಿಮೆ. ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿ. ಈ ಹುಳುಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಟಾರ್ಚು ಕೈಯಲ್ಲಿ ಬೇಡ, ಪಕ್ಕಕ್ಕೆ ನೆಲದ ಮೇಲಿಡಿ.

3. ಸೀರೆಯ ಸೆರಗು ಹಾರಾಡದಂತೆ ಮೇಲೆ ತಿಳಿಬಣ್ಣದ ತುಂಬುತೋಳಿನ ಅಂಗಿ, ಕೆಳಗೆ ಪ್ಯಾಂಟು ಹಾಕಿಕೊಳ್ಳಿ. ತಲೆ-ಮುಖಕ್ಕೆ ತೆಳು ಬಟ್ಟೆ ಸುತ್ತಿ, ಕಾಲಿಗೆ ಬೂಟು ಅಥವಾ ಮುಚ್ಚಿದ ಚಪ್ಪಲಿ ಇರಲಿ. ಮುಡಿಯಲ್ಲಿ ಮಲ್ಲಿಗೆ, ಮೈಗೆ ಘಮದ ಪೌಡರು ಆ ಹೊತ್ತಿಗೆ ಬೇಡ.

4. ಒಂದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ ಕಲಸಿ ಕೈ ಸ್ಪ್ರೇಯರಿಗೆ ತುಂಬಿ. ಸೋಪಿನ ನೀರು ಹುಳುವಿನ ಉಸಿರಾಟದ ರಂಧ್ರ ಮುಚ್ಚಿ ಕೊಲ್ಲುತ್ತದೆ. ಹೊಲಕ್ಕೆ ಔಷಧಿ ಹೊಡೆಯುವ ಪಂಪು ತೊಳೆದಿದ್ದರೂ ಇದಕ್ಕೆ ಬಳಸಬೇಡಿ, ಅದರಲ್ಲಿ ವಿಷ ಉಳಿದಿರುತ್ತದೆ.

5. ಓಡಿ ಹೋಗುವ ದಾರಿ ಮೊದಲೇ ನೋಡಿಕೊಳ್ಳಿ. ಜೊತೆಗೊಬ್ಬರು ಇರಲಿ. ಗೂಡು ಪೂರ್ತಿ ತೊಯ್ಯುವಂತೆ ಬಿಡದೆ ಹೊಡೆಯಿರಿ. ಹುಳು ಉದುರಿದ ಮೇಲೆ ಗೂಡನ್ನು ಉದ್ದ ಕೋಲಿನಿಂದ ಬೀಳಿಸಿ, ಸೋಪಿನ ನೀರಿನ ಬಕೆಟ್ಟಿಗೆ ಹಾಕಿ, ಮರುದಿನ ಹೂಳಿ.

6. ಕಾಂಡ ಅಂಟಿದ್ದ ಜಾಗವನ್ನು ಕೆರೆದು ತೊಳೆಯಿರಿ. ಹೊರಗೆ ಉಳಿದ ಹುಳು ಅದೇ ಜಾಗಕ್ಕೆ ಬಂದು ಮತ್ತೆ ಕಟ್ಟಲು ನೋಡುತ್ತವೆ. ಒಂದು ವಾರ ಗಮನವಿಡಿ. ನೆಲ, ಗೋದಲಿ ತೊಳೆದ ಮೇಲೆಯೇ ದನ ಒಳಗೆ ಕಟ್ಟಿ.

ಗೂಡು ಕರೆಂಟಿನ ಬೋರ್ಡು, ಮೀಟರ್, ಮೇವು ಕತ್ತರಿಸುವ ಯಂತ್ರದ ಮೋಟಾರಿನಲ್ಲಿದ್ದರೆ ನೀರು ಹೊಡೆಯಲೇಬೇಡಿ. ಆ ಸ್ವಿಚ್ಚು ಮುಟ್ಟದೆ ಲೈನ್‌ಮನ್ ಅಥವಾ ಎಲೆಕ್ಟ್ರಿಷಿಯನ್ ಕರೆಸಿ.

ಹುಳು ಎದ್ದುಬಿಟ್ಟರೆ

ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಹೋಗಿ ಬಾಗಿಲು ಹಾಕಿ. ಜೇನು ಕುಟುಕಿದ ಜಾಗದಿಂದ ಒಂದು ವಾಸನೆ ಹೊರಡುತ್ತದೆ. ಅದು ಉಳಿದ ಜೇನುಗಳನ್ನು ಅಲ್ಲಿಗೇ ಕರೆಯುತ್ತದೆ. ಅದಕ್ಕೇ ನಿಂತಷ್ಟೂ ಹೆಚ್ಚು ಕುಟುಕು.

ಕಟ್ಟಿದ ಹಸುವಿಗಾಗಿ ಇವತ್ತೇ ಒಂದು ಕೆಲಸ ಮಾಡಿ. ಗೂಟದ ಗಂಟು ಒಮ್ಮೆ ಎಳೆದರೆ ಬಿಚ್ಚುವಂಥ ಗಂಟಾಗಿರಲಿ. ಬಾಗಿಲ ಪಕ್ಕ ಹಗ್ಗ ಕೊಯ್ಯಲು ಕುಡುಗೋಲೊಂದು ಸದಾ ಸಿಕ್ಕಿಸಿರಲಿ. ಬೆಂಕಿ ಬಿದ್ದಾಗಲೂ ಇದೇ ಕಾಪಾಡುವುದು. ಆದರೆ ಹೆಜ್ಜೇನು ಹಿಂಡಾಗಿ ಕವಿದಿರುವಾಗ ಹಸು ಬಿಚ್ಚಲು ಒಳಗೆ ನುಗ್ಗಬೇಡಿ. ಹಸು ಮತ್ತೆ ತರಬಹುದು, ತಾಯಿಯನ್ನು ತರಲಾಗದು.

ಮನುಷ್ಯರಿಗೆ: ಜೇನು ಮುಳ್ಳು ಬಿಟ್ಟು ಹೋಗುತ್ತದೆ, ಅದನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಕಣಜ ಮುಳ್ಳು ಬಿಡುವುದಿಲ್ಲ, ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಬಾವು ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಸೋಪಿನಿಂದ ತೊಳೆದು ತಣ್ಣೀರು ಬಟ್ಟೆ ಇಡಿ. ಸುಣ್ಣ, ಸೀಮೆಎಣ್ಣೆ, ಸಗಣಿ ಹಚ್ಚಬೇಡಿ. ಉಸಿರು ಕಟ್ಟಿದರೆ, ನಾಲಿಗೆ-ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ತಲೆ ಸುತ್ತಿ ಬಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಬಾಯಿ, ಗಂಟಲಿಗೆ ಕುಟುಕಿದರೂ, ಮಕ್ಕಳಿಗೆ, ವಯಸ್ಸಾದವರಿಗೆ ಬಹಳ ಕಡೆ ಕುಟುಕಿದ್ದರೂ ಹುಷಾರಾಗಿದ್ದಾರೆಂದು ಸುಮ್ಮನಿರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ದನಕ್ಕೆ: ನೆರಳಿಗೆ ತಂದು, ಮುಳ್ಳು ಕೆರೆದು ತೆಗೆದು, ತಣ್ಣೀರು ಬಟ್ಟೆ ಹಾಕಿ. ಮುಸುಡಿ ಊದಿ ಉಸಿರಿಗೆ ಕಷ್ಟಪಡುತ್ತಿದ್ದರೆ ಅದು ತುರ್ತು. ಒಕ್ಕೂಟದ ಪಶುವೈದ್ಯರಿಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ. ಬಾಯಿಗೆ ಎಣ್ಣೆ, ಕಷಾಯ ಏನೂ ಹೊಯ್ಯಬೇಡಿ. ಕೆಚ್ಚಲಿಗೆ ಕುಟುಕಿದರೆ ಬಾವು ಕೆಚ್ಚಲುಬಾವಿನಂತೆಯೇ ಕಾಣುತ್ತದೆ, ವೈದ್ಯರು ನೋಡಲಿ. ಚುಚ್ಚುಮದ್ದು ಕೊಟ್ಟರೆ ಎಷ್ಟು ದಿನ ಹಾಲು ಸಂಘಕ್ಕೆ ಹಾಕಬಾರದು ಎಂದು ಕೇಳಿ, ಅಷ್ಟು ದಿನ ಹಾಕಬೇಡಿ. ವಿಮೆ ಇರುವ ರಾಸು ತೀರಿಕೊಂಡರೆ ಕಿವಿಯೋಲೆ ತೆಗೆಯದೆ, ಹೂಳುವ ಮುನ್ನವೇ ಸಂಘದ ಕಾರ್ಯದರ್ಶಿಗೂ ಪಶುವೈದ್ಯರಿಗೂ ತಿಳಿಸಿ. ಮರಣೋತ್ತರ ಪರೀಕ್ಷೆ ಆಗದಿದ್ದರೆ ಪರಿಹಾರ ಸಿಗುವುದು ಕಷ್ಟ.

ಗೂಡು ಕಟ್ಟದಂತೆ

ವಾರಕ್ಕೊಮ್ಮೆ ಕಸ ಗುಡಿಸುವಾಗ ತಲೆ ಎತ್ತಿ ನೋಡಿ. ತಗಡಿನ ಕೆಳಗೆ, ಖಾಲಿ ಡ್ರಮ್ಮು, ಬಣವೆ ಮುಚ್ಚಿದ ತಾಡಪಾಲಿನ ಮಡಿಕೆ, ಬಳಸದ ಗಾಡಿ, ಇಲ್ಲೇ ಗೂಡು ಶುರುವಾಗುವುದು. ಗೋಡೆಯ ಬಿರುಕು ಮುಚ್ಚಿ. ಬೆಲ್ಲ, ಕಾಕಂಬಿ ಚೆಲ್ಲಿದ ಜಾಗ ತೊಳೆಯಿರಿ.

ಬೇಸಿಗೆಯಲ್ಲಿ ಜೇನು ನೀರಿಗಾಗಿ ದನದ ತೊಟ್ಟಿಗೇ ಮುತ್ತುತ್ತದೆ. ಹೆದರಿದ ಹಸು ನೀರು ಕಡಿಮೆ ಕುಡಿಯುತ್ತದೆ, ಹಾಲೂ ಇಳಿಯುತ್ತದೆ. ಹಿತ್ತಿಲ ಇನ್ನೊಂದು ಬದಿಗೆ ಅಗಲ ಬುಟ್ಟಿಯಲ್ಲಿ ಕಲ್ಲುಹರಳು ಹಾಕಿ ನೀರಿಡಿ. ಒಂದು ದಿನವೂ ಒಣಗಲು ಬಿಡದಿದ್ದರೆ ಜೇನು ಅತ್ತ ಹೋಗುತ್ತದೆ.

ಬಾವಿಯಂಚಿನಲ್ಲೋ ಹೊಲದ ಬದುವಿನಲ್ಲೋ ಇರುವ ಗೂಡನ್ನು ಮಾತ್ರ ಹುಡುಕಿಕೊಂಡು ಹೋಗಿ ಕೀಳಬೇಡಿ. ಜೇನು ಬಂದರೆ ಸೂರ್ಯಕಾಂತಿ ಕಾಳು ಕಟ್ಟುತ್ತದೆ. 2018ರಲ್ಲಿ ನಮ್ಮ ರಾಜ್ಯದಲ್ಲೇ ಮೊದಲು ಕಾಣಿಸಿಕೊಂಡ ಮೆಕ್ಕೆಜೋಳದ ಹೊಸ ಸೈನಿಕ ಹುಳುವಿನ ಕಾಟ ನಿಮಗೆ ಗೊತ್ತೇ ಇದೆ. ಕಣಜ ತನ್ನ ಮರಿಗೆ ತಿನ್ನಿಸಲು ಹಿಡಿದೊಯ್ಯುವುದು ಇಂಥ ಹುಳುಗಳನ್ನೇ. ಹೊಲದಲ್ಲಿ ಅದು ಇರಲಿ, ಹಸುವಿನ ತಲೆಯ ಮೇಲೆ ಬೇಡ.

ನಾಳೆ ಬೆಳಿಗ್ಗೆ ಹಾಲು ಕರೆಯಲು ಕೂರುವ ಮುನ್ನ ಒಮ್ಮೆ ಸೂರು ನೋಡಿ, ಒಮ್ಮೆ ಹಗ್ಗದ ಗಂಟು ನೋಡಿ.