ಉಸಿರು ಕಾಯುವವರಿಗೆ ಪಾಠ ಹೇಳುವವರು

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದೊಡನೆ ಹೊರಗೆ ಕುಳಿತ ಬಂಧುಗಳು ಸರ್ಜನ್ ಯಾರೆಂದು ವಿಚಾರಿಸುತ್ತಾರೆ. ರೋಗಿಯ ತಲೆಯ ಬಳಿ ನಿಂತು ಉಸಿರು ಕಾಯುವವರು ಯಾರೆಂದು ಎಷ್ಟು ಮಂದಿ ಕೇಳುತ್ತಾರೆ? ನಮ್ಮ ದೇಶದಲ್ಲಿ ಆ ಹೊಣೆ ಅರಿವಳಿಕೆ ತಜ್ಞ ವೈದ್ಯರದ್ದು. ಅಮೆರಿಕದಲ್ಲಾದರೋ ವೈದ್ಯರ ಜೊತೆಗೆ ವಿಶೇಷ ತರಬೇತಿ ಪಡೆದ ದಾದಿಯರೂ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಕೆಲಸ ಮಾಡುತ್ತಿದ್ದಾರೆ. ಅವರನ್ನು ತಯಾರು ಮಾಡುವ ರೀತಿಯನ್ನು ಮಕ್ಕಳನ್ನು ನರ್ಸಿಂಗಿಗೆ ಕಳುಹಿಸುವ ನೀವು ತಿಳಿದಿರುವುದು ಒಳ್ಳೆಯದು.

ಮಿನ್ನೆಸೋಟದ ರಾಚೆಸ್ಟರಿನಲ್ಲಿ ಮೇಯೋ ಸಹೋದರರ ಜೊತೆಗಿದ್ದ ಆಲಿಸ್ ಮಗಾ ಎಂಬ ದಾದಿ 14,000ಕ್ಕೂ ಹೆಚ್ಚು ಅರಿವಳಿಕೆಗಳ ವರದಿಯನ್ನು 1906ರಲ್ಲಿ ಪ್ರಕಟಿಸಿದರು. ಅರಿವಳಿಕೆಯಿಂದಾದ ಸಾವು ಅದರಲ್ಲಿ ಒಂದೂ ಇರಲಿಲ್ಲ. ಈಥರನ್ನು ಹನಿಹನಿಯಾಗಿ ಕೊಡುತ್ತಾ ರೋಗಿಯೊಡನೆ ಮೆಲ್ಲಗೆ ಮಾತಾಡುವುದು ಆಕೆಯ ಕ್ರಮ. 1915ರಲ್ಲಿ ಕ್ಲೀವ್‌ಲ್ಯಾಂಡಿನ ಲೇಕ್‌ಸೈಡ್ ಆಸ್ಪತ್ರೆಯಲ್ಲಿ ಅಗಾಥಾ ಹಾಡ್ಜಿನ್ಸ್ ಅರಿವಳಿಕೆ ಶಾಲೆ ತೆರೆದಾಗ ದಾದಿಯರ ಜೊತೆ ವೈದ್ಯರೂ ಕಲಿಯಲು ಕುಳಿತರು. ದಾದಿಯ ಮುಂದೆ ವೈದ್ಯರು ಶಿಷ್ಯರಾಗುವುದನ್ನು ಇಂದಿಗೂ ನಮ್ಮಲ್ಲಿ ಊಹಿಸಬಲ್ಲಿರಾ?

ಈಗ ದಾರಿ ಉದ್ದವಾಗಿದೆ. ಮೊದಲು ನರ್ಸಿಂಗ್ ಪದವಿ, ಬಳಿಕ ಕನಿಷ್ಠ ಒಂದು ವರ್ಷ ತೀವ್ರ ನಿಗಾ ಘಟಕದ ಅನುಭವ. 2022ರಿಂದ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಮಾಡಬೇಕು. ಅದು ಸುಮಾರು ಮೂರು ವರ್ಷ. ಕನಿಷ್ಠ 600 ರೋಗಿಗಳು, 2,000 ಗಂಟೆಗಳ ಪ್ರಾಯೋಗಿಕ ಕಲಿಕೆ ಕಡ್ಡಾಯ.

ಆದರೆ ನಿಜವಾದ ಪಾಠ ನಡೆಯುವುದು ರೋಗಿಯ ತಲೆಯ ಬಳಿ. ಮೊದಲು ಗೊಂಬೆಯ ಮೇಲೆ ಅಭ್ಯಾಸ. ಬಳಿಕ ಮನುಷ್ಯ. ಔಷಧ ಕೊಟ್ಟೊಡನೆ ರೋಗಿಯ ಉಸಿರಾಟ ನಿಲ್ಲುತ್ತದೆ. ದವಡೆಯನ್ನು ಮೇಲೆತ್ತಿ, ಮಾಸ್ಕನ್ನು ಬಿಗಿಯಾಗಿ ಹಿಡಿದು, ಚೀಲ ಒತ್ತಿ ಆತನ ಪರವಾಗಿ ಉಸಿರಾಡಿಸಬೇಕು. ಶ್ವಾಸನಾಳಕ್ಕೆ ಕೊಳವೆ ಹಾಕುವಾಗ ವಿದ್ಯಾರ್ಥಿಯ ಕೈ ನಡುಗುತ್ತದೆ. ಗುರು ಪಕ್ಕದಲ್ಲೇ ಇದ್ದಾರೆ. ತಕ್ಷಣ ಉಪಕರಣ ಕಿತ್ತುಕೊಂಡರೆ ಆಕೆ ಎಂದೂ ಕಲಿಯಲಾರಳು; ತಡಮಾಡಿದರೆ ರೋಗಿಯ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತದೆ. ತರಗತಿಯಲ್ಲಿ ಹುಡುಗ ತಪ್ಪು ಲೆಕ್ಕ ಬರೆದರೆ ನಾವು ಅಳಿಸುತ್ತೇವೆ, ಅಲ್ಲಿ ಅಳಿಸಲು ರಬ್ಬರಿಲ್ಲ. ಆದ್ದರಿಂದ ಒಳ್ಳೆಯ ಗುರು ಮೊದಲೇ ಹೇಳಿಟ್ಟಿರುತ್ತಾರೆ: 'ನಾನು ಸಾಕು ಎಂದರೆ ನಿಲ್ಲಿಸಿ ಮತ್ತೆ ಮಾಸ್ಕ್ ಹಿಡಿ.' ಹಾಗೆ ಒಪ್ಪಂದವಾಗಿದ್ದರೆ ಅದರಲ್ಲಿ ಅವಮಾನವಿಲ್ಲ.

ರೋಗಿಯನ್ನು ಪ್ರಶ್ನಿಸುವುದೂ ಒಂದು ಪಾಠವೇ. ಹಾಲು ಹಾಕಿದ ಚಹಾ ಕುಡಿದು ಆರು ಗಂಟೆಯಾದರೂ ಆಗಿರಬೇಕು, ಇಲ್ಲವಾದರೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿಯಬಹುದು. 'ಒಂದು ಗುಟುಕು ತಾನೇ' ಎಂದು ಮುಚ್ಚಿಡುವವರು ನಮ್ಮ ಮನೆಗಳಲ್ಲೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಕಷ್ಟವಿದೆ. ಐಸಿಯುವಿನಲ್ಲಿ ಎಲ್ಲರೂ ಸಲಹೆ ಕೇಳುತ್ತಿದ್ದ ಅನುಭವಿ ದಾದಿ ಇಲ್ಲಿ ಮತ್ತೆ ಒಂದನೇ ತರಗತಿಯ ಮಗುವಾಗುತ್ತಾಳೆ. ಕೆಲಸ ಬಿಟ್ಟಿರುತ್ತಾಳೆ, ಸಾಲವೂ ಇರುತ್ತದೆ. ಆದ್ದರಿಂದ ಅಂಕ ಹಾಕುವ ಗುರುವಲ್ಲದೆ, 'ನನಗೆ ಇಂದು ಭಯವಾಯಿತು' ಎಂದು ಹೇಳಿಕೊಳ್ಳಲು ಹಿರಿಯ ಮಾರ್ಗದರ್ಶಿಯೊಬ್ಬರು ಬೇಕು. ಈ ಎರಡು ಪಾತ್ರಗಳು ಒಬ್ಬರಲ್ಲೇ ಇರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

1958ರಲ್ಲಿ ಇರಿತಕ್ಕೊಳಗಾದ ಮಾರ್ಟಿನ್ ಲೂಥರ್ ಕಿಂಗರನ್ನು ಹಾರ್ಲೆಮ್ ಆಸ್ಪತ್ರೆಗೆ ತಂದಾಗ ಚೀಲ ಒತ್ತಿ ಅವರನ್ನು ಉಸಿರಾಡಿಸಿದವರು ಗೋಲ್ಡಿ ಬ್ರಾಂಗ್‌ಮನ್ ಎಂಬ ಕರಿಯ ದಾದಿ. ಅದೇ ಆಸ್ಪತ್ರೆಯ ಅರಿವಳಿಕೆ ಶಾಲೆಯನ್ನು ಅವರು ನಡೆಸಿದರು.

ಇನ್ನು ನಮ್ಮ ವಿಷಯ. ಇಲ್ಲಿ 'ಅನಸ್ತೇಶಿಯಾ ಟೆಕ್ನಾಲಜಿ' ಎಂಬ ಬಿ.ಎಸ್ಸಿ. ಕೋರ್ಸಿದೆ. ಕಲಿತವರು ಯಂತ್ರ, ಔಷಧ ಸಿದ್ಧಪಡಿಸಿ ವೈದ್ಯರಿಗೆ ನೆರವಾಗುತ್ತಾರೆ. ಸ್ವತಂತ್ರವಾಗಿ ಅರಿವಳಿಕೆ ಕೊಡುವಂತಿಲ್ಲ. ಅಮೆರಿಕದ ಆ ಹುದ್ದೆಗೆ ಬೇಕಾದದ್ದು ನರ್ಸಿಂಗ್ ಶಿಕ್ಷಣ, ಬಳಿಕ ಅಲ್ಲಿನ ಎನ್‌ಕ್ಲೆಕ್ಸ್ ಪರೀಕ್ಷೆ. ಮಗಳ ಶುಲ್ಕ ಕಟ್ಟುವ ಮೊದಲು ಯಾವುದಕ್ಕೆ ಕಟ್ಟುತ್ತಿದ್ದೀರೆಂದು ಕಾಲೇಜಿನಲ್ಲಿ ಬಾಯಿಬಿಟ್ಟು ಕೇಳಿ.