ಪೂರ್ಣಹೃದಯದಿಂದ ತಿರುಗಿಕೊಳ್ಳುವುದು

ಆದಿತ್ಯವಾರದ ಆರಾಧನೆಯಲ್ಲಿ ಸಭೆಯವರೆಲ್ಲರೂ ಮೊಣಕಾಲೂರಿ ಒಂದೇ ಸ್ವರದಿಂದ ಪಾಪವನ್ನು ಅರಿಕೆಮಾಡುವ ಗಳಿಗೆಯೊಂದು ಉಂಟು. ಆ ಮಾತುಗಳು ಬಹುಮಂದಿಗೆ ಚಿಕ್ಕಂದಿನಿಂದಲೇ ಬಾಯಿಪಾಠ. ಪುಸ್ತಕವನ್ನು ತೆರೆಯದೆ ಹೇಳಬಲ್ಲರು, ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲರು. ಹೇಳುತ್ತಿರುವಾಗಲೇ ಒಲೆಯ ಮೇಲಿಟ್ಟು ಬಂದ ಸಾರಿನ ಯೋಚನೆ, ಮುಂದಿನ ಸಾಲಿನವರ ಹೊಸ ಸೀರೆಯ ಯೋಚನೆ, ಬರಬೇಕಾದ ಬಾಕಿಯ ಯೋಚನೆ, ಒಂದರ ಹಿಂದೊಂದು ಬಂದು ಹೋಗುವುದುಂಟು. ಕೊನೆಗೆ ಆಮೆನ್ ಎಂದು ಹೇಳಿ ಏಳುವಾಗ, ಬಾಯಿ ದೇವರೊಡನೆ ಮಾತಾಡಿತೆಂದೂ ಮನಸ್ಸು ಅಷ್ಟರೊಳಗೆ ಪೇಟೆಗೆ ಹೋಗಿಬಂದಿತೆಂದೂ ಯಾರಿಗೂ ತಿಳಿಯುವುದಿಲ್ಲ. ಜನರು ತುಟಿಗಳಿಂದ ದೇವರನ್ನು ಸನ್ಮಾನಿಸುತ್ತಾರೆ, ಅವರ ಹೃದಯವಾದರೋ ದೂರದಲ್ಲಿದೆ ಎಂದು ಯೆಶಾಯ ಪ್ರವಾದಿಯು ಬಹು ಹಿಂದೆಯೇ ದೂರಿದ್ದನು. ಫರಿಸಾಯರೊಡನೆ ವಾದಿಸುವಾಗ ಯೇಸುಸ್ವಾಮಿಯು ಅದೇ ದೂರನ್ನು ಎತ್ತಿ ಆಡಿದನು. ಆದುದರಿಂದ ಈ ರೋಗವು ಹೊಸದಲ್ಲ. ಇದಕ್ಕೆ ಸತ್ಯವೇದವು ಹೇಳುವ ಔಷಧವೇನು, ಸಭೆಯು ಅದನ್ನು ಹೇಗೆ ಬಳಸಿಕೊಂಡು ಬಂದಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಈ ವಿಷಯದಲ್ಲಿ ಮೊದಲು ನೆನಪಿಗೆ ಬರುವವನು ಯೋವೇಲನು. ಅವನ ಗ್ರಂಥವು ಮೂರೇ ಅಧ್ಯಾಯಗಳ ಚಿಕ್ಕ ಗ್ರಂಥ. ಯೆಹೂದ ದೇಶದ ಮೇಲೆ ಮಿಡತೆಗಳ ದಂಡು ಎರಗಿ ದ್ರಾಕ್ಷೆ, ಅಂಜೂರ, ಗೋದಿ, ಜವೆ ಯಾವುದನ್ನೂ ಉಳಿಸದೆ ತಿಂದುಹಾಕಿತ್ತು. ದೇವಾಲಯದಲ್ಲಿ ಅರ್ಪಿಸಲಿಕ್ಕೆ ಧಾನ್ಯವೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ಆಗ ಪ್ರವಾದಿಯು ಕೊಂಬೂದಿಸಿ ಉಪವಾಸದ ದಿನವನ್ನು ಸಾರಿ ಊರಿಗೆ ಊರನ್ನೇ ಕರೆಯುತ್ತಾನೆ. ಆ ಕರೆಯಲ್ಲಿ ಮುದುಕರೂ ಮಕ್ಕಳೂ ಸೇರಿದ್ದಾರೆ. ಮೊಲೆಹಾಲು ಕುಡಿಯುವ ಕೂಸುಗಳನ್ನು ಸಹ ಬಿಟ್ಟುಬರಕೂಡದು. ಮದಲಿಂಗನು ತನ್ನ ಕೋಣೆಯಿಂದಲೂ ಮದಲಗಿತ್ತಿಯು ತನ್ನ ಮಂಟಪದಿಂದಲೂ ಎದ್ದು ಬರಬೇಕು. ಹೊಸದಾಗಿ ಮದುವೆಯಾದವನಿಗೆ ಒಂದು ವರ್ಷದ ತನಕ ಯುದ್ಧದ ಕೆಲಸದಿಂದಲೇ ವಿನಾಯಿತಿ ಎಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ಯುದ್ಧಕ್ಕೆ ಹೋಗಬೇಕಾಗಿಲ್ಲದವನು ಈ ಪ್ರಾರ್ಥನೆಗೆ ಬರಲೇಬೇಕೆಂದರೆ ಆ ಕರೆಯ ತೂಕವು ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಅಲ್ಲಿಯೇ ಯೋವೇಲನು ಬಟ್ಟೆಗಳನ್ನು ಹರಿದುಕೊಳ್ಳುವುದಕ್ಕಿಂತ ಹೃದಯವನ್ನು ಹರಿದುಕೊಳ್ಳಿರೆಂದು ಬೋಧಿಸುತ್ತಾನೆ. ದುಃಖ ಬಂದಾಗ ಮೈಮೇಲಿನ ಬಟ್ಟೆಯನ್ನು ಹರಿದುಕೊಳ್ಳುವುದು ಆ ಜನರ ಪದ್ಧತಿ. ನೋಡುವವರಿಗೆ ಅದು ಕಾಣುತ್ತದೆ; ಮರುದಿನ ಸೂಜಿದಾರದಿಂದ ಹೊಲಿದುಕೊಳ್ಳಲೂ ಬಹುದು. ಹೃದಯವನ್ನು ಹರಿದುಕೊಂಡುದು ಮಾತ್ರ ನೆರೆಯವರಿಗೆ ಕಾಣಲಾರದು. ನಮ್ಮ ಎಣಿಕೆಯಲ್ಲಿ ಪ್ರವಾದಿಯು ಬಟ್ಟೆ ಹರಿಯುವುದನ್ನಾಗಲಿ ಅಳುವುದನ್ನಾಗಲಿ ಹಳಿದವನಲ್ಲ, ಯಾಕೆಂದರೆ ಅದೇ ಉಸಿರಿನಲ್ಲಿ ಉಪವಾಸವನ್ನೂ ಕಣ್ಣೀರನ್ನೂ ಅವನು ಕೇಳುತ್ತಾನೆ. ಒಳಗಿಲ್ಲದ್ದನ್ನು ಹೊರಗೆ ತೋರಿಸುವುದೇ ಅವನಿಗೆ ಸಹಿಸದ ಸಂಗತಿ.

ದೇವರ ಕಡೆಗೆ ತಿರುಗುವುದೆಂಬುದಕ್ಕೆ ಇಬ್ರಿಯ ಭಾಷೆಯಲ್ಲಿ ಇರುವ ಮಾತು 'ಶೂವ್' ಎಂಬುದು. ಅದು ಶಾಸ್ತ್ರಿಗಳಿಗಾಗಿ ಹುಟ್ಟಿದ ಮಾತಲ್ಲ; ದಾರಿಯಲ್ಲಿ ಹೋದವನು ಹಿಂದಿರುಗಿದನು ಎನ್ನುವುದಕ್ಕೂ ಅದನ್ನೇ ಬಳಸುತ್ತಾರೆ. ಕನ್ನಡದ 'ತಿರುಗು' ಎಂಬ ಮಾತಿನಲ್ಲಿ ಇನ್ನೂ ಒಂದು ಸೊಗಸುಂಟು. ಕೆಲಸವಿಲ್ಲದೆ ಬೀದಿಬೀದಿ ಅಲೆಯುವವನನ್ನು ತಿರುಗುತ್ತಾನೆ ಎನ್ನುತ್ತೇವೆ. ಅವನು ಬುದ್ಧಿ ಬಂದು ಮನೆಯ ಕಡೆ ಮುಖಮಾಡಿದರೂ ತಿರುಗಿದನು ಎನ್ನುತ್ತೇವೆ. ಅಲೆಯುವುದಕ್ಕೂ ಮರಳುವುದಕ್ಕೂ ಕಾಲು ಒಂದೇ, ಮಾತೂ ಒಂದೇ. ಮುಖವು ಯಾವ ಕಡೆಗಿದೆ ಎಂಬಷ್ಟೇ ಭೇದ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ 'ಮೆತಾನೊಯಾ' ಎಂಬ ಮಾತು ಬರುತ್ತದೆ. ಮನಸ್ಸು ಬೇರೆಯಾಗುವುದೆಂದು ಅದರ ಅರ್ಥ. ಕನ್ನಡ ಕ್ರೈಸ್ತರಲ್ಲಿ ಮಾನಸಾಂತರವೆಂಬ ಪದವು ಇದಕ್ಕೆ ಸಲ್ಲುತ್ತದೆ. ಮತ್ತೂ ಒಂದನ್ನು ಹೇಳಬೇಕು. ಹೃದಯವೆಂದ ಕೂಡಲೆ ನಾವು ಮರುಕ, ಪ್ರೀತಿ, ಕಣ್ಣೀರು ಮುಂತಾದವನ್ನೇ ನೆನೆಯುತ್ತೇವೆ. ಇಬ್ರಿಯರಿಗೆ ಹೃದಯವೆಂದರೆ ಯೋಚಿಸುವ, ನೆನಪಿಡುವ, ನಿಶ್ಚಯಿಸುವ ಸ್ಥಾನವೂ ಹೌದು. ಆದುದರಿಂದ ಪೂರ್ಣಹೃದಯದ ಪ್ರಾರ್ಥನೆಯೆಂದರೆ ಹೆಚ್ಚು ಅತ್ತವರ ಪ್ರಾರ್ಥನೆ ಎಂದು ತಿಳಿಯತಕ್ಕದ್ದಲ್ಲ. ಕಣ್ಣು ಒಣಗಿದ್ದರೂ, ನಾಳೆ ಹೋಗಿ ಆ ಸಾಲವನ್ನು ತೀರಿಸಿಬರುವೆನು ಎಂದು ನಿಶ್ಚಯಿಸಿದವನ ಪ್ರಾರ್ಥನೆಯೂ ಪೂರ್ಣಹೃದಯದ್ದೇ.

ಇಲ್ಲಿ ಒಂದು ಹಳೆಯ ಜಗಳವನ್ನು ಪ್ರಸ್ತಾಪಿಸದೆ ಇರಲಾಗದು. ಬರೆದಿಟ್ಟ ಪ್ರಾರ್ಥನೆಯು ಹೃದಯದ್ದಾಗಲಾರದು, ಆಗಾಗಲೇ ಬಾಯಿಗೆ ಬಂದುದೇ ನಿಜವಾದ ಪ್ರಾರ್ಥನೆ ಎಂದು ಕೆಲವರು ವಾದಿಸುತ್ತಾರೆ. ನಾವು ಇದನ್ನು ಒಪ್ಪಲಾರೆವು. ಆಗಾಗ ಕಟ್ಟಿದ ಪ್ರಾರ್ಥನೆಗಳೂ ವರ್ಷ ಕಳೆಯುವುದರೊಳಗೆ ಅವವೇ ಮಾತುಗಳ ಜಾಡಿನಲ್ಲಿ ಬೀಳುವುದನ್ನು ಕೇಳದವರು ಯಾರು? ಇಂಗ್ಲೆಂಡಿನ ಸಭೆಯ ಪ್ರಾರ್ಥನಾ ಪುಸ್ತಕವು 1549ರಲ್ಲಿ ಮೊದಲು ಹೊರಟಾಗ ಬೆಳಗಿನ ಆರಾಧನೆಯ ಆರಂಭದಲ್ಲಿ ಪಾಪದ ಅರಿಕೆ ಇರಲಿಲ್ಲ. 1552ರಲ್ಲಿ ಕ್ರ್ಯಾನ್ಮರನು ಅದನ್ನು ತಿದ್ದಿದಾಗ ಎಲ್ಲಕ್ಕಿಂತ ಮುಂಚೆ ಸತ್ಯವೇದದ ಕೆಲವು ವಾಕ್ಯಗಳನ್ನೂ, ಅವುಗಳ ಹಿಂದೆಯೇ ಸಭೆಯೆಲ್ಲವೂ ಕೂಡಿ ಹೇಳುವ ಅರಿಕೆಯನ್ನೂ ಇರಿಸಿದನು. ಯೋವೇಲನ ಆ ಮಾತು, ದಾವೀದನ 51ನೆಯ ಕೀರ್ತನೆಯ ಮಾತುಗಳು, ದಾರಿತಪ್ಪಿದ ಮಗನು ಆಡಿದ ಮಾತು, ಇವೆಲ್ಲ ಆ ವಾಕ್ಯಗಳಲ್ಲಿ ಸೇರಿವೆ. ಯಾರಿಗೆ ಸ್ವಂತ ಮಾತು ಹುಟ್ಟದೋ ಅವರ ಕೈಗೆ ಅದು ಕೋಲಾಯಿತು. ರೋಮನ್ ಕಥೋಲಿಕ ಸಭೆಯಲ್ಲಿ ತಪಸ್ಸುಕಾಲವು ತೊಡಗುವ ಬೂದಿ ಬುಧವಾರದ ದಿನ ಹಣೆಗೆ ಬೂದಿ ಇಡಿಸಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಅಂದು ಓದುವ ಮೊದಲನೆಯ ಪಾಠವು ಯೋವೇಲನದೇ. ಆ ಬೂದಿಯು ಹಿಂದಿನ ವರ್ಷ ಗರಿಗಳ ಭಾನುವಾರದಲ್ಲಿ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದುದು. ಜಯಘೋಷ ಮಾಡುತ್ತ ಕೈಯಲ್ಲಿ ಹಿಡಿದ ಗರಿಯೇ ಮರುವರ್ಷ ಹಣೆಯ ಬೂದಿಯಾಗಿ ಬರುವುದೆಂಬುದನ್ನು ಮಕ್ಕಳಿಗೆ ಹೇಳಿದರೆ ಅವರು ಬೇಗನೆ ಮರೆಯುವುದಿಲ್ಲ.

ಮಾತೇ ಹೊರಡದ ಪ್ರಾರ್ಥನೆಗೆ ಹನ್ನಳಿಗಿಂತ ಬೇರೆ ನಿದರ್ಶನ ಬೇಡ. ಎಲ್ಕಾನನಿಗೆ ಇಬ್ಬರು ಹೆಂಡಿರು. ಪೆನಿನ್ನಳಿಗೆ ಮಕ್ಕಳಿದ್ದರು, ಹನ್ನಳಿಗೆ ಇರಲಿಲ್ಲ. ವರ್ಷವರ್ಷವೂ ಶೀಲೋವಿನ ಹಬ್ಬಕ್ಕೆ ಹೋದಾಗ ಸವತಿಯು ಕೆಣಕುವಳು, ಹನ್ನಳು ಅತ್ತು ಊಟ ಬಿಡುವಳು. ಗಂಡನು, ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೇ ಎಂಬಂತೆ ಸಮಾಧಾನ ಹೇಳುವನು. (ಗಂಡಂದಿರ ಸಮಾಧಾನವು ಆ ಕಾಲದಿಂದಲೂ ಹೀಗೆಯೇ ಇದ್ದಂತೆ ತೋರುತ್ತದೆ.) ಒಂದು ವರ್ಷ ಅವಳು ಎದ್ದು ದೇವಾಲಯಕ್ಕೆ ಹೋಗಿ ಪ್ರಾರ್ಥಿಸುತ್ತಿರಲು ತುಟಿ ಮಾತ್ರ ಅಲುಗುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿಯು ಅದನ್ನು ಕಂಡು ಕುಡಿದು ಬಂದಿರುವಳೆಂದು ಗದರಿಸಿದನು. ಸ್ವಾಮೀ, ನಾನು ಕುಡಿದವಳಲ್ಲ, ಮನಸ್ಸಿನ ಸಂಕಟವನ್ನು ದೇವರ ಮುಂದೆ ಹೊಯ್ದುಕೊಂಡೆನು ಎಂಬಂತೆ ಅವಳು ವಿನಯದಿಂದ ಉತ್ತರಕೊಟ್ಟಳು. ಮುಂದೆ ಸಮುವೇಲನು ಹುಟ್ಟಿದುದನ್ನು ಎಲ್ಲರೂ ಬಲ್ಲರು. ಆದರೆ ನಡುವೆ ಇರುವ ಒಂದು ಸಣ್ಣ ಸಂಗತಿಯನ್ನು ಓದುವವರು ದಾಟಿಬಿಡುತ್ತಾರೆ. ಅವಳು ಅಲ್ಲಿಂದ ಹೋಗಿ ಊಟಮಾಡಿದಳು, ಮುಖದಲ್ಲಿ ಮೊದಲಿನ ದುಃಖವು ಕಾಣಲಿಲ್ಲ. ಮಗುವು ಹುಟ್ಟುವುದಿರಲಿ, ಬಸಿರಾಗುವುದಕ್ಕೂ ಮುಂಚಿನ ಮಾತು ಇದು.

ಇನ್ನು ಮನುಷ್ಯನೊಬ್ಬನೇ ಅಲ್ಲದೆ ಒಂದು ಊರೇ ದೇವರ ಕಡೆಗೆ ತಿರುಗಿದ ಚರಿತ್ರೆಯೊಂದನ್ನು ಹೇಳಬೇಕೆಂದು ನಮ್ಮ ಆಸೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಹೆರ್ನ್‌ಹುಟ್ ಎಂಬ ಚಿಕ್ಕ ಊರುಂಟು. ಮೊರೇವಿಯಾ ದೇಶದಲ್ಲಿ ಮತದ ನಿಮಿತ್ತ ಹಿಂಸೆಗೊಳಗಾದ ಕೆಲವು ಕುಟುಂಬಗಳು ಕ್ರಿಶ್ಚಿಯನ್ ದಾವೀದ್ ಎಂಬ ಬಡಗಿಯ ಹಿಂದೆ ಗಡಿ ದಾಟಿ ಬಂದಾಗ, ಝಿಂಝೆಂಡೋರ್ಫ್ ಎಂಬ ಯುವಕ ಪ್ರಭುವು ತನ್ನ ಜಹಗೀರಿನಲ್ಲಿ ಅವರಿಗೆ ಜಾಗವನ್ನು ಕೊಟ್ಟನು. 1722ನೆಯ ಜೂನ್ ತಿಂಗಳಲ್ಲಿ ಮೊದಲನೆಯ ಮರವನ್ನು ಕಡಿದು ಮನೆ ಕಟ್ಟಲು ತೊಡಗಿದರು. ಐದು ವರ್ಷಗಳಲ್ಲಿ ಸುಮಾರು ಮುನ್ನೂರು ಜನರಾದರು. ಮತಕ್ಕಾಗಿ ಮನೆಮಾರು ಬಿಟ್ಟುಬಂದವರಲ್ಲವೇ, ಅವರಲ್ಲಿ ಪ್ರೀತಿಗೆ ಕೊರತೆಯಿರಲಾರದೆಂದು ನಾವು ಎಣಿಸಬಹುದು. ಆದುದು ಬೇರೆ. ಹಲವು ಕಡೆಗಳಿಂದ ಹಲವು ಬೋಧೆಗಳನ್ನು ಹೊತ್ತು ಬಂದ ಜನರು ಆರಾಧನೆಯ ಕ್ರಮ ಹೇಗಿರಬೇಕು, ಊರ ಪಾದ್ರಿಗೆ ಒಳಪಡಬೇಕೋ ಬೇಡವೋ ಎಂದು ಕಚ್ಚಾಡಿದರು. ಆಶ್ರಯಕೊಟ್ಟ ಆ ಪ್ರಭುವನ್ನೇ ಪ್ರಕಟನೆ ಗ್ರಂಥದ ಮೃಗವೆಂದು ಕರೆಯುವ ತನಕ ಒಬ್ಬನ ಮಾತು ಹೋಯಿತು. ಪ್ರಾರ್ಥನೆಯು ನಿಂತಿರಲಿಲ್ಲ, ಜಗಳದ ಎರಡು ಪಕ್ಷದವರೂ ಪ್ರಾರ್ಥಿಸುತ್ತಲೇ ಇದ್ದರು!

1727ರಲ್ಲಿ ಝಿಂಝೆಂಡೋರ್ಫನು ಡ್ರೆಸ್ಡೆನ್ ಪಟ್ಟಣದಲ್ಲಿದ್ದ ಸರಕಾರಿ ಉದ್ಯೋಗದಿಂದ ಬಿಡುವು ಪಡೆದು ಅವರ ನಡುವೆ ಬಂದು ನೆಲಸಿದನು. ಅವನು ದೊಡ್ಡ ಪ್ರಸಂಗವನ್ನು ಮಾಡಿ ಜಯಿಸಲು ಹೋಗಲಿಲ್ಲ. ಮನೆಮನೆಗೆ ಹೋಗಿ ಒಬ್ಬೊಬ್ಬರೊಡನೆ ಕುಳಿತು ಮಾತಾಡಿದನು. ಮೇ 12ರಂದು ಊರವರು ಸಹೋದರರಂತೆ ಬಾಳುವುದಕ್ಕಾಗಿ ಒಂದು ಒಪ್ಪಂದಕ್ಕೆ ರುಜುಮಾಡಿದರು. ಬೇಸಗೆಯೆಲ್ಲ ಚಿಕ್ಕ ಚಿಕ್ಕ ಗುಂಪುಗಳಾಗಿ ಸೇರಿ ಸತ್ಯವೇದವನ್ನು ಓದಿದರು, ಒಬ್ಬರ ತಪ್ಪನ್ನೊಬ್ಬರಲ್ಲಿ ಅರಿಕೆಮಾಡಿಕೊಂಡರು. ಆಗಸ್ಟ್ 13ರಂದು ಹತ್ತಿರದ ಬೆರ್ಥೆಲ್ಸ್‌ಡೋರ್ಫ್ ಎಂಬ ಹಳ್ಳಿಯ ದೇವಾಲಯದಲ್ಲಿ ಎಲ್ಲರೂ ಪ್ರಭುಭೋಜನಕ್ಕೆ ಕೂಡಿದರು. ಮಾತುಬಿಟ್ಟವರು ಅಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರೆಂದೂ, ಅಂದಿನಿಂದ ತಾವು ಒಂದೇ ಸಭೆಯಾದೆವೆಂದೂ ಅವರು ಹೇಳಿಕೊಳ್ಳುತ್ತಾರೆ. ಇಂದಿಗೂ ಮೊರೇವಿಯನ್ ಸಭೆಯವರು ಆ ದಿನವನ್ನು ತಮ್ಮ ಸಭೆಯ ಪುನರ್ಜನ್ಮದ ದಿನವೆಂದು ಆಚರಿಸುವರು.

ನಾವು ಇದರಲ್ಲಿ ಮೆಚ್ಚುವುದು ಆ ಒಂದು ದಿನದ ಕಣ್ಣೀರನ್ನಲ್ಲ. ಕಣ್ಣೀರು ಬಂದು ಹೋಗುವಂಥಾದ್ದು. ಅದರ ಮುಂಚೆ ಮೂರು ತಿಂಗಳು ಮನೆಮನೆಯ ಬಾಗಿಲಲ್ಲಿ ನಡೆದ ಸಂಧಾನವನ್ನೂ, ಅದರ ಹಿಂದೆ ನಡೆದ ಕ್ರಮವನ್ನೂ ಮೆಚ್ಚುತ್ತೇವೆ. ಎರಡು ವಾರ ಕಳೆಯುತ್ತಲೇ, ಆಗಸ್ಟ್ 27ರಿಂದ, ಇಪ್ಪತ್ತುನಾಲ್ಕು ಮಂದಿ ಗಂಡಸರೂ ಇಪ್ಪತ್ತುನಾಲ್ಕು ಮಂದಿ ಹೆಂಗಸರೂ ಹಗಲು ರಾತ್ರಿಯ ಇಪ್ಪತ್ತುನಾಲ್ಕು ಗಂಟೆಗಳನ್ನು ಹಂಚಿಕೊಂಡು, ತಮ್ಮ ಪಾಲಿಗೆ ಬಂದ ಒಂದೊಂದು ಗಂಟೆಯನ್ನು ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ಅಂಥ ಪ್ರಾರ್ಥನೆಯ ಸರಪಳಿಯು ನೂರು ವರ್ಷಗಳ ತನಕ ಬಿಡದೆ ನಡೆಯಿತೆಂದು ಆ ಸಭೆಯವರ ಹೇಳಿಕೆ. ನಡುರಾತ್ರಿ ಎರಡು ಗಂಟೆಯ ಪಾಳಿಯು ಪಾಲಿಗೆ ಬಂದ ಹೆಂಗಸಿನ ಹೆಸರನ್ನು ಯಾವ ಚರಿತ್ರೆಯವರೂ ದೊಡ್ಡದಾಗಿ ಬರೆಯುವುದಿಲ್ಲ. 1732ರಲ್ಲಿ ಡೋಬರ್, ನಿಚ್‌ಮನ್ ಎಂಬಿಬ್ಬರು ಅದೇ ಊರಿನಿಂದ ಹೊರಟು ವೆಸ್ಟ್ ಇಂಡೀಸಿನ ಗುಲಾಮರಿಗೆ ಸುವಾರ್ತೆಯನ್ನು ಸಾರಲು ಕಾಲ್ನಡಿಗೆಯಿಂದಲೇ ಬಂದರಿನ ದಾರಿ ಹಿಡಿದರು. ಒಬ್ಬನು ಕುಂಬಾರ, ಇನ್ನೊಬ್ಬನು ಬಡಗಿ.

ಹೃದಯದ ಭಕ್ತಿಯೇ ಮುಖ್ಯವೆಂಬ ಈ ಪಂಥವು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದಲ್ಲಿಯೂ ಬೇರೂರಿತ್ತು. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿಗೆ ಅನೇಕ ಬೋಧಕರು ಬಂದುದು ಅಲ್ಲಿಂದಲೇ. 1834ರಲ್ಲಿ ಆ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಕರಾವಳಿಯ ಪ್ರೊಟೆಸ್ಟೆಂಟ್ ಕುಟುಂಬಗಳಲ್ಲಿ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂಡಿ ಪಾಠ ಓದಿ ಪ್ರಾರ್ಥಿಸುವ ವಾಡಿಕೆಗೆ ಈ ಹಿರಿಯರ ಬೋಧೆಯೂ ಒಂದು ಆಧಾರ. 1947ರಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟ ಮೇಲೆ 1950ರಲ್ಲಿ ಹೊರಟ ಪ್ರಭುಭೋಜನದ ಕ್ರಮದಲ್ಲಿ, ಕಾಣಿಕೆಯನ್ನು ತರುವುದಕ್ಕೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಸೇರಿಸಿದರು. ಬಲಿಪೀಠಕ್ಕೆ ಕಾಣಿಕೆಯನ್ನು ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಉಂಟೆಂದು ನೆನಪಾದರೆ ಅದನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಕರ್ತನು ಬೆಟ್ಟದ ಪ್ರಸಂಗದಲ್ಲಿ ಹೇಳಿದುದಕ್ಕೆ ಇದು ಹೊಂದುವಂಥದು. ಆದರೂ ನಾವು ಕೈಮುಟ್ಟುವುದು ಹೆಚ್ಚಾಗಿ ಪಕ್ಕದಲ್ಲಿ ಕುಳಿತವರನ್ನೇ. ಮಾತುಬಿಟ್ಟ ಓರಗಿತ್ತಿಯು ಆಚೆ ಸಾಲಿನ ಕೊನೆಯಲ್ಲಿ ಕುಳಿತಿರುತ್ತಾಳೆ.

ದಾರಿತಪ್ಪಿದ ಮಗನ ಸಾಮ್ಯದಲ್ಲಿಯೂ ಇಂಥದೇ ಒಂದು ಸೂಕ್ಷ್ಮವಿದೆ. ಹಂದಿ ಮೇಯಿಸುತ್ತ ಹಸಿದ ಆ ಹುಡುಗನು ತಂದೆಗೆ ಹೇಳತಕ್ಕ ಮಾತನ್ನು ಮೊದಲೇ ಕಟ್ಟಿಕೊಳ್ಳುತ್ತಾನೆ; ತನ್ನನ್ನು ಕೂಲಿಯಾಳಾಗಿಟ್ಟುಕೋ ಎಂಬುದು ಅದರ ಕೊನೆ. ಮನೆ ಇನ್ನೂ ದೂರವಿರುವಾಗಲೇ ತಂದೆ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಮಗನು ಪಾಠವನ್ನು ಒಪ್ಪಿಸತೊಡಗುತ್ತಾನೆ, ಆದರೆ ಕೂಲಿಯಾಳಿನ ಮಾತು ಬರುವುದರೊಳಗೆ ತಂದೆ ಆಳುಗಳನ್ನು ಕರೆದು ನಿಲುವಂಗಿ, ಉಂಗುರ, ಜೋಡುಗಳನ್ನು ತರಿಸುತ್ತಾನೆ. ಬಾಯಿಪಾಠದ ಪ್ರಾರ್ಥನೆಯೇ ಆಗಿದ್ದರೂ ಅವನು ನಡೆದು ಬಂದ ದಾರಿಯು ಬಾಯಿಪಾಠದ್ದಾಗಿರಲಿಲ್ಲ.

ಮನೆಯ ಪ್ರಾರ್ಥನೆಯ ವಿಷಯವಾಗಿ ಗೃಹಿಣಿಯರಿಗೂ ಯಜಮಾನರಿಗೂ ಒಂದೆರಡು ಮಾತು. ಹದಿನೈದು ನಿಮಿಷವಾದರೆ ಸಾಕು. ಮಕ್ಕಳು ತೂಕಡಿಸುವ ತನಕ ಎಳೆಯಬಾರದು. ಅರಿಕೆಯ ಮಾತಿಗೆ ಬಂದಾಗ ಒಂದು ಗಳಿಗೆ ಸುಮ್ಮನಿದ್ದು, ಅಂದಿನ ದಿನದ ಒಂದು ತಪ್ಪನ್ನಾದರೂ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಹೆಸರಿಟ್ಟು ನೆನೆಯಲಿ. ಗುಂಪಿನ ಮಾತಿನ ಮರೆಯಲ್ಲಿ ಅದು ಅಡಗದಿರಲಿ. ಕೆಲಸದವಳನ್ನು ಸುಮ್ಮನೆ ಗದರಿಸಿದ್ದರೆ, ಸೊಸೆಯ ಮೇಲೆ ಮುಖ ಸಿಂಡರಿಸಿದ್ದರೆ, ಮಗುವಿನ ಮೇಲೆ ಕೋಪದಿಂದ ಕೈಮಾಡಿದ್ದರೆ, ಪುಸ್ತಕವನ್ನು ತೆರೆಯುವ ಮುಂಚೆ ಅವರ ಬಳಿಗೆ ಹೋಗಿ ಒಂದು ಮಾತು ಆಡಿ ಬರಬೇಕು. ಅದಕ್ಕಾಗಿ ಪ್ರಾರ್ಥನೆಯು ಹತ್ತು ನಿಮಿಷ ತಡವಾದರೂ ಆಗಲಿ. ಊಟವನ್ನು ಆಮೇಲೆ ಬಡಿಸಬಹುದು.